ಒಂದು ಕೆಲಸಕ್ಕೆ ಒಂದು ಬುಟ್ಟಿ

ಸಂಜೆ ದೀಪ ಹಚ್ಚಲು ಹೋದರೆ ಬತ್ತಿ ಇರುತ್ತದೆ, ಬೆಂಕಿಪೊಟ್ಟಣ ಇರುವುದಿಲ್ಲ. ಅದು ಸಿಕ್ಕಿತು ಅನ್ನುವಷ್ಟರಲ್ಲಿ ಕರ್ಪೂರ ಕಾಣುವುದಿಲ್ಲ. ಮನೆ ಚಿಕ್ಕದು, ಬೆಂಗಳೂರಲ್ಲಿ ಜಾಗವೇ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಈ ಹುಡುಕಾಟಕ್ಕೂ ಮನೆಯ ಅಳತೆಗೂ ಸಂಬಂಧ ಕಡಿಮೆ. ಒಟ್ಟಿಗೆ ಬಳಸುವ ಸಾಮಾನನ್ನು ನಾವು ಒಟ್ಟಿಗೆ ಇಟ್ಟಿರುವುದಿಲ್ಲ, ಅಷ್ಟೇ.

ಇದಕ್ಕೆ ಬುಟ್ಟಿಯಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಕಪಾಟಿನ ಖಾನೆಯನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ ಅಲ್ವಾ? ಬುಟ್ಟಿಯನ್ನು ಎತ್ತಬಹುದು. ಕೆಲಸ ಇರುವ ಕಡೆಗೆ ಒಯ್ದು, ಮುಗಿದ ಮೇಲೆ ಹಾಗೇ ತಂದು ಇಡಬಹುದು. ಹಾಗಾಗಿ ಜಾತಿವಾರು ವಿಂಗಡಿಸಬೇಡಿ, ಕೆಲಸದ ಪ್ರಕಾರ ವಿಂಗಡಿಸಿ ಅನ್ನುವುದು ನನ್ನ ಸಲಹೆ.

ಮೊದಲು ಕೆಲಸದ ಪಟ್ಟಿ

ಬುಟ್ಟಿ ಕೊಳ್ಳುವುದು ಕೊನೆಗೆ. ಮೊದಲು ಒಂದು ವಾರ ಮನೆಯಲ್ಲಿ ಯಾವ ಕೆಲಸಕ್ಕೆ ಓಡಾಟ ಜಾಸ್ತಿ ಅಂತ ಗಮನಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಹೆಚ್ಚಿನ ಮನೆಗಳಲ್ಲಿ ಪಟ್ಟಿ ಹೀಗಿರುತ್ತದೆ: ದೇವರ ಪೂಜೆ, ಬೆಳಗಿನ ಕಾಫಿ, ಹೊಲಿಗೆ ಮತ್ತು ಗುಂಡಿ ಹಾಕುವುದು, ಮಕ್ಕಳ ಹೋಂವರ್ಕ್, ಕರೆಂಟ್ ಹೋದಾಗಿನ ಪರದಾಟ.

ಒಂದೊಂದು ಕೆಲಸಕ್ಕೂ ಬೇಕಾದ ಸಾಮಾನನ್ನು ನೆಲದ ಮೇಲೆ ಗುಂಪು ಮಾಡಿ. ಪೂಜೆಯ ಗುಂಪಿಗೆ ಬತ್ತಿ, ಬೆಂಕಿಪೊಟ್ಟಣ, ಕರ್ಪೂರ, ಊದಿನಕಡ್ಡಿ, ಅರಿಶಿನ ಕುಂಕುಮದ ಬಟ್ಟಲು, ದೀಪ ಒರೆಸುವ ಬಟ್ಟೆ. ಕರೆಂಟಿನ ಗುಂಪಿಗೆ ಟಾರ್ಚ್, ಅದರ ಸೆಲ್, ಮೇಣದಬತ್ತಿ ಮತ್ತು ಅದಕ್ಕೇ ಇನ್ನೊಂದು ಬೆಂಕಿಪೊಟ್ಟಣ. ಒಂದೇ ವಸ್ತು ಎರಡು ಕಡೆ ಬೇಕಾದರೆ ಎರಡು ಇಡಿ. ಪೂಜೆಯ ಬೆಂಕಿಪೊಟ್ಟಣವನ್ನು ಎರವಲು ತಂದರೆ ಅದು ವಾಪಸ್ ಹೋಗುವುದಿಲ್ಲ. ಗುಂಪಿನಲ್ಲಿ ಮುರಿದದ್ದು, ಒಣಗಿದ ಪೆನ್ನು, ಒಂಟಿ ಕಾಲುಚೀಲ ಕಂಡರೆ ಆಗಲೇ ತೆಗೆದುಹಾಕಿ.

ಆಮೇಲೆ ಅಳತೆ

ಟೇಪ್ ಹಿಡಿದು ಖಾನೆಯ ಅಗಲ, ಆಳ, ಎತ್ತರ ಮೂರನ್ನೂ ಬರೆದುಕೊಳ್ಳಿ. ಬುಟ್ಟಿ ಅಳೆಯುವಾಗ ಬಾಯಿಯನ್ನು ಅಳೆಯಬೇಕು. ಬಿದಿರಿನ ಬುಟ್ಟಿ ತಳದಲ್ಲಿ ಕಿರಿದು, ಬಾಯಿಯಲ್ಲಿ ಅಗಲ. ತಳ ನೋಡಿ ತಂದರೆ ಖಾನೆಯೊಳಗೆ ಹೋಗುವುದೇ ಇಲ್ಲ. 36 ಇಂಚಿನ ಖಾನೆಗೆ 11 ಇಂಚಿನ ಮೂರು ಬುಟ್ಟಿ ಸಾಕು. ಉಳಿದ 3 ಇಂಚು ಕೈಯಾಡಿಸಲು ಬೇಕಾಗುತ್ತದೆ. ಮೇಲೆಯೂ ಮೂರ್ನಾಲ್ಕು ಇಂಚು ಬಿಡಿ. ಇಲ್ಲದಿದ್ದರೆ ಒಂದು ಸಣ್ಣ ವಸ್ತುವಿಗೂ ಬುಟ್ಟಿಯನ್ನು ಪೂರ್ತಿ ಎಳೆಯಬೇಕು.

ದುಂಡು ಬುಟ್ಟಿ ನೋಡಲು ಚೆಂದ. ಆದರೆ ಚೌಕದ ಜಾಗದಲ್ಲಿ ದುಂಡು ಬುಟ್ಟಿ ಇಟ್ಟರೆ ಮೂಲೆಗಳಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ದಂಡವಾಗುತ್ತದೆ. ಕಪಾಟಿನೊಳಗೆ ಚೌಕ ಅಥವಾ ಆಯತದ್ದು ಇರಲಿ. ದುಂಡನೆಯದು ನೆಲದ ಮೇಲೆ, ಮೇಜಿನ ಮೇಲೆ, ಮೂಲೆಯಲ್ಲಿ ಇರಲಿ.

ಎಲ್ಲಿ ಕೊಳ್ಳುವುದು, ಏನು ನೋಡುವುದು

ಗೌರಿ ಹಬ್ಬದ ಮುಂಚಿನ ದಿನಗಳಲ್ಲಿ ಮಲ್ಲೇಶ್ವರಂ, ಗಾಂಧಿ ಬಜಾರ್ ಎರಡೂ ಕಡೆ ಬಾಗಿನದ ಮೊರ ರಾಶಿ ಬಿದ್ದಿರುತ್ತದೆ. ಜೊತೆಗೆ ಬುಟ್ಟಿಗಳೂ ಸಿಗುತ್ತವೆ. ಶಿವಾಜಿನಗರದ ಕಡೆಯ ಬಂಬೂ ಬಜಾರ್‌ನಲ್ಲಿ ಬಿದಿರಿನ ಸಾಮಾನು ಸಿಗುತ್ತದೆ. ನೇಯುವವರ ಕೈಯಿಂದಲೇ ಕೊಳ್ಳುವ ಅವಕಾಶ ಸಿಕ್ಕರೆ ಬಿಡಬೇಡಿ. ಮೇದರು ತಲೆಮಾರುಗಳಿಂದ ಈ ಕಸುಬು ಉಳಿಸಿಕೊಂಡು ಬಂದವರು. ನಿಮ್ಮ ಖಾನೆಯ ಅಳತೆ ಹೇಳಿದರೆ ಅದಕ್ಕೆ ತಕ್ಕಂತೆ ಹೆಣೆದುಕೊಡುವವರೂ ಇದ್ದಾರೆ. ಅಂಥವರ ಹತ್ತಿರ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುವುದು ಬೇಡ. ಒಂದು ಮಂಕರಿ ಹೆಣೆಯಲು ಬಿದಿರು ಸೀಳಿ, ದಬ್ಬೆ ಹೆರೆದು, ನೆನೆಸಿ, ಬಗ್ಗಿಸಬೇಕು. ಆ ಬೆರಳುಗಳನ್ನು ಒಮ್ಮೆ ನೋಡಿದರೆ ಬೆಲೆ ತಾನೇ ಅರ್ಥವಾಗುತ್ತದೆ.

ಕೊಳ್ಳುವಾಗ ಬುಟ್ಟಿಯನ್ನು ಒಂದು ಬಿಳಿ ಕಾಗದದ ಮೇಲೆ ತಟ್ಟಿ. ಹಿಟ್ಟಿನಂಥ ನುಣ್ಣನೆ ಪುಡಿ ಉದುರಿದರೆ, ದಬ್ಬೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ, ಹುಳು ಹಿಡಿದಿದೆ ಅಂತ ಅರ್ಥ. ಬಿದಿರಿನೊಳಗಿನ ಪಿಷ್ಟ ಈ ಹುಳುವಿನ ಆಹಾರ. ಅದನ್ನು ಮನೆಗೆ ತಂದರೆ ಪಕ್ಕದ ಬುಟ್ಟಿಗೂ ಹರಡುತ್ತದೆ. ಅಂಚಿನ ಮೇಲೆ ಒಮ್ಮೆ ಅಂಗೈ ಸವರಿ. ಸಿಬಿರು ಚುಚ್ಚಿದರೆ ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಬಹುದು.

ಬಚ್ಚಲಿಗೆ, ಸಿಂಕ್ ಕೆಳಗಿನ ಜಾಗಕ್ಕೆ ಬಿದಿರು ಬೇಡ. ಅಲ್ಲಿಗೆ ಪ್ಲಾಸ್ಟಿಕ್ ಜಾಲರಿ ಬುಟ್ಟಿಯೇ ಸರಿ. ಇನ್ನು ಆನ್‌ಲೈನ್ ಪಾರ್ಸೆಲ್‌ನ ರಟ್ಟಿನ ಡಬ್ಬಗಳನ್ನು ಅಡುಗೆಮನೆಯಲ್ಲಿ ಬುಟ್ಟಿಯ ಬದಲು ಬಳಸಬೇಡಿ. ರಟ್ಟಿನ ಪದರಗಳಲ್ಲಿ ಜಿರಳೆ ಮನೆ ಮಾಡುತ್ತದೆ.

ಸಂದು ಮುಚ್ಚುವ ಮೆಂತ್ಯದ ಲೇಪ

ಬಿದಿರಿನ ಬುಟ್ಟಿಯಲ್ಲಿ ಸೂಜಿ, ಗುಂಡಿ, ಲವಂಗದಂಥ ಸಣ್ಣ ಸಾಮಾನು ನಿಲ್ಲುವುದಿಲ್ಲ. ಇದಕ್ಕೆ ನಮ್ಮ ಅಜ್ಜಿಯರ ಕಾಲದ ದಾರಿಯೇ ಇದೆ, ಈಗಲೂ ಚೆನ್ನಾಗಿ ನಡೆಯುತ್ತದೆ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಚೂರು ಮಾಡಿ ಎರಡು ದಿನ ನೀರಲ್ಲಿ ನೆನೆಹಾಕಿ. ಒಂದು ಹಿಡಿ ಮೆಂತ್ಯವನ್ನು ಬೇರೆ ಪಾತ್ರೆಯಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಕಾಗದವನ್ನು ಹಿಂಡಿ, ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಿ. ಮೆಂತ್ಯದ ಲೋಳೆಯೇ ಇಲ್ಲಿ ಅಂಟು. ಹಿಟ್ಟು ಕೈಗೆ ಮೆತ್ತಗೆ, ಸ್ವಲ್ಪ ಜಾರುವಂತೆ ಇರಬೇಕು. ನೀರಾದರೆ ದಬ್ಬೆಯಿಂದ ಇಳಿದುಹೋಗುತ್ತದೆ.

ಬುಟ್ಟಿಯ ಒಳಗೆ ಬೆರಳಿನಿಂದ ಒತ್ತಿ ಒತ್ತಿ ತೆಳುವಾಗಿ ಬಳಿಯಿರಿ. ಒಂದೇ ಸಲ ದಪ್ಪ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ಮೊದಲ ದಿನ ನೆರಳಲ್ಲಿ, ಮಾರನೇ ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಎರಡನೇ ಸಲ ಬಳಿಯಿರಿ. ಫೆಬ್ರುವರಿ, ಮಾರ್ಚ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ನ್ಯೂಸ್‌ಪೇಪರ್ ಮಾತ್ರ ಬೇಡ. ಅಚ್ಚಿನ ಶಾಯಿ ತಿನ್ನುವ ಪದಾರ್ಥಕ್ಕೆ ತಗುಲಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೂ ಎಚ್ಚರಿಸಿದೆ.

ಇಷ್ಟು ಪುರುಸೊತ್ತು ಇಲ್ಲದವರು ಬಟ್ಟೆ ಹಾಸಬಹುದು. ಹಳೇ ಕಾಟನ್ ಸೀರೆ ಅಥವಾ ಪಂಚೆಯ ತುಂಡನ್ನು ಬುಟ್ಟಿಯೊಳಗೆ ಇಳಿಸಿ, ಅಂಚಿನಿಂದ ಹೊರಗೆ ನಾಲ್ಕು ಇಂಚು ಮಡಚಿ, ಮಡಿಕೆಯಲ್ಲಿ ಲಾಡಿ ಪೋಣಿಸಿ ಬಿಗಿಯಾಗಿ ಕಟ್ಟಿ. ಕೊಳೆಯಾದಾಗ ಬಿಚ್ಚಿ ಒಗೆಯಬಹುದು.

ಎಲ್ಲೆಲ್ಲಿ ಯಾವುದು

ಈರುಳ್ಳಿಗೆ ಗಾಳಿ ಬೇಕು. ಅದಕ್ಕೆ ಲೇಪ ಹಚ್ಚದ, ಸಂದು ಇರುವ ಬುಟ್ಟಿಯೇ ಒಳ್ಳೆಯದು. ಅಂಗಡಿಯ ಕವರಿನಲ್ಲೇ ಬಿಟ್ಟರೆ ಬೆವತು ಕೊಳೆಯುತ್ತದೆ. ಆಲೂಗಡ್ಡೆಗೆ ಬೇರೆ ಬುಟ್ಟಿ ಕೊಡಿ, ಮೇಲೆ ಒಂದು ದಪ್ಪ ಬಟ್ಟೆ ಮುಚ್ಚಿ. ಬೆಳಕು ಬಿದ್ದರೆ ಆಲೂಗಡ್ಡೆ ಹಸಿರಾಗುತ್ತದೆ. ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷದ ಅಂಶ ಹೆಚ್ಚಿರುತ್ತದೆ, ಕಹಿಯೂ ಆಗುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಸುರಿಯಬೇಡಿ, ಒಂದರ ತೇವ ಇನ್ನೊಂದನ್ನು ಬೇಗ ಕೆಡಿಸುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬುಟ್ಟಿ ಬರಿದು ಮಾಡಿ ಮೆತ್ತಗಾದದ್ದನ್ನು ಆರಿಸಿ ತೆಗೆಯಿರಿ.

ಔಷಧಿಯ ಬುಟ್ಟಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಒಲೆ ಮತ್ತು ಬಚ್ಚಲಿನಿಂದ ದೂರ ಇರಲಿ. ಮಾತ್ರೆ ಕತ್ತರಿಸುವಾಗ ಅವಧಿಯ ತಾರೀಖು ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

ಬಾಗಿಲ ಬಳಿ ಒಂದು ಚಿಕ್ಕ ಬುಟ್ಟಿ ಸಾಕು. ಬೀಗದ ಕೈ, ಗಾಡಿ ಕೀ, ಮೆಟ್ರೋ ಕಾರ್ಡ್. ದೊಡ್ಡದಿಟ್ಟರೆ ಕರೆಂಟ್ ಬಿಲ್ಲು, ಮದುವೆ ಕಾಗದ ಎಲ್ಲ ಬಂದು ತುಂಬಿಕೊಳ್ಳುತ್ತದೆ.

ಸಜ್ಜೆಯ ಮೇಲೆ ಹಗುರವಾದದ್ದು ಮಾತ್ರ. ಸ್ಟೂಲ್ ಹತ್ತಿ ಎರಡೂ ಕೈಯಲ್ಲಿ ಆರಾಮಾಗಿ ಇಳಿಸುವಷ್ಟೇ ತೂಕ, ಅಂದರೆ ನಾಲ್ಕೈದು ಕಿಲೋ ಮೀರದಿರಲಿ. ದಸರಾ ಗೊಂಬೆಗಳನ್ನು ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ, ಭಾರದ್ದನ್ನು ಕೆಳಗೆ ಇಡಿ. ಸಜ್ಜೆಯ ಬುಟ್ಟಿಗೆ ಮಾತ್ರ ಮುಚ್ಚಳ ಬೇಕು, ಇಲ್ಲದಿದ್ದರೆ ಧೂಳು. ದಿನಾ ಬಳಸುವ ಬುಟ್ಟಿಗೆ ಮುಚ್ಚಳ ಹಾಕಿದರೆ ಸಾಮಾನು ಮುಚ್ಚಳದ ಮೇಲೇ ಕೂರುತ್ತದೆ. ಬಾಗಿನದಲ್ಲಿ ಬಂದ ಮೊರಗಳು ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಈ ಮುಚ್ಚಳಕ್ಕೆ ಅವೇ ಒದಗುತ್ತವೆ.

ಪ್ರತಿ ಬುಟ್ಟಿಗೂ ರಟ್ಟಿನ ಚೀಟಿ ಬರೆದು ದಾರದಲ್ಲಿ ಕಟ್ಟಿ. ಸಾಮಾನಿನ ಹೆಸರಿನ ಬದಲು ಕೆಲಸದ ಹೆಸರು ಬರೆಯಿರಿ: ‘ಪೂಜೆ’, ‘ಹೊಲಿಗೆ’, ‘ಕರೆಂಟ್ ಹೋದರೆ’. ಮನೆಕೆಲಸಕ್ಕೆ ಬರುವವರಿಗೂ, ಊರಿಂದ ಬಂದ ಅತ್ತೆಗೂ ನಿಮ್ಮನ್ನು ಕೇಳದೇ ಸಿಗುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬುಟ್ಟಿಗಳನ್ನು ಗೋಡೆಗೆ ತಾಗಿಸದೆ ಎರಡು ಬೆರಳು ದೂರ ಇಡಿ. ನೆಲದ ಮೇಲಿನದಕ್ಕೆ ಕೆಳಗೆ ಎರಡು ಮರದ ಪಟ್ಟಿ ಕೊಡಿ. ಬೂಷ್ಟು ಕಂಡರೆ ಒಣ ಬ್ರಷ್‌ನಿಂದ ಮನೆಯ ಹೊರಗೆ ಉಜ್ಜಿ, ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬಂದ ದಿನ ಟೆರೇಸಿನಲ್ಲಿ ಬೋರಲು ಹಾಕಿ. ತಳ ಪೂರ್ತಿ ಒಣಗಿದ ಮೇಲೆಯೇ ಸಾಮಾನು ತುಂಬಿ.