ಮೇಲಿನ ನಳಿಗೆಗೆ ಗುಂಡು, ಕೆಳಗಿನದಕ್ಕೆ ಚರೆ

ಅಮೆರಿಕದ ಐಡಹೋ ರಾಜ್ಯದ ಮೆಕ್ಕಾಲ್ ಊರಿನಾಚೆ, ಪೇಯೆಟ್ ರಾಷ್ಟ್ರೀಯ ಅರಣ್ಯದಲ್ಲಿ ಮರ ಸಾಗಿಸುತ್ತಿದ್ದ ಹಳೆಯ ದಾರಿಗಳಿವೆ. ಅಲ್ಲಿ ನಡೆಯುವವನಿಗೆ ಕಾಡುಕೋಳಿಯಂಥ ಗ್ರೌಸ್ ಹಕ್ಕಿ ಎರಡು ಬಗೆಯಲ್ಲಿ ಎದುರಾಗುತ್ತದೆ. ಒಂದೋ ಫರ್ ಮರದ ಕೊಂಬೆಯಲ್ಲಿ ಕಲ್ಲಿನಂತೆ ಕುಳಿತು ನಮ್ಮನ್ನೇ ನೋಡುತ್ತಿರುತ್ತದೆ, ಇಲ್ಲವೇ ಕಾಲಬುಡದಿಂದ ಬುರ್ರೆಂದು ಎದ್ದು ಎದೆ ಝಲ್ಲೆನಿಸಿ ಮರಗಳ ನಡುವೆ ಮಾಯವಾಗುತ್ತದೆ. ಮೊದಲನೆಯದಕ್ಕೆ ರೈಫಲಿನ ಪುಟ್ಟ .22 ಗುಂಡು ಸಾಕು, ತಲೆಗೆ ಹೊಡೆದರೆ ಮಾಂಸ ಕೆಡುವುದಿಲ್ಲ. ಎರಡನೆಯದಕ್ಕೆ ಚರೆಯೇ ಬೇಕು, ಒಂದೇ ಈಡಿಗೆ ಚದುರಿ ಹಾರುವ ಸಣ್ಣ ಸೀಸದ ಕಾಳುಗಳು. ಮೂರು ದಿನದ ಊಟ, ಗುಡಾರ, ಮಲಗುವ ಚೀಲ ಹೊತ್ತವನು ಅದರ ಮೇಲೆ ಎರಡು ಕೋವಿಯನ್ನೂ ಹೊರಲಾರ. ಒಂದೇ ಕೋವಿಯಲ್ಲಿ ರೈಫಲ್ ನಳಿಗೆ, ಚರೆ ನಳಿಗೆ ಎರಡೂ ಇರುವ ಜೋಡಿಕೋವಿಯ ಹುಚ್ಚು ನನಗೆ ಹಿಡಿದದ್ದು ಹೀಗೆ.

ನಾನು ಕೊಡಗಿನವನು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದರು. ನಮ್ಮ ಮನೆಯಲ್ಲೂ ಅಜ್ಜನ ಕಾಲದ ಜೋಡುನಳಿಗೆಯ 12 ಬೋರ್ ಕೋವಿ ಇದೆ. ಆದರೆ ಬೇಟೆಯನ್ನು ನಾನು ಊರಿನಲ್ಲಿ ಕಲಿಯಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ನಾನು ಹುಟ್ಟುವ ಹೊತ್ತಿಗೆ ಕೋವಿ ಗೋಡೆಗೇರಿ ವರ್ಷಗಳಾಗಿದ್ದವು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಇಳಿಸುವುದು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದು, ತೆಂಗಿನಕಾಯಿಗೆ ಗುರಿಯಿಡುವುದು, ಅಷ್ಟೆ. ಬೇಟೆ ಕಲಿತದ್ದು ಐಡಹೋದ ರಾಜಧಾನಿ ಬಾಯ್ಸಿಗೆ ಕೆಲಸಕ್ಕೆ ಬಂದ ಮೇಲೆ, ಅದೂ ಹಸಿರು ಕಾರ್ಡ್ ಕೈಗೆ ಬಂದ ಮೇಲೆ. ಕೆಲಸದ ವೀಸಾದಲ್ಲಿರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಬೇಟೆಯ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನೆಚ್ಚಿಕೊಂಡು ನಡೆಯುವಷ್ಟು ಧೈರ್ಯ ನನಗಿರಲಿಲ್ಲ. 1975ರಲ್ಲಿ ಇಲ್ಲವೇ ಅದರ ನಂತರ ಹುಟ್ಟಿದವರಿಗೆ ಐಡಹೋದಲ್ಲಿ ಬೇಟೆ ಶಿಕ್ಷಣದ ತರಗತಿ ಕಡ್ಡಾಯ. ಹದಿಮೂರು ವರ್ಷದ ಹುಡುಗರ ಪಕ್ಕದಲ್ಲಿ ಕುಳಿತು ಅದನ್ನೂ ಮುಗಿಸಿದೆ.

ಹುಡುಕಾಟ ಶುರುವಾದಾಗ ಎಲ್ಲರಂತೆ ನಾನೂ ಮೊದಲು ಮನಸೋತದ್ದು ಎಂ6ಕ್ಕೆ. ಬಿದ್ದ ವಿಮಾನದ ಸಿಬ್ಬಂದಿ ಹಸಿವಿನಿಂದ ಸಾಯದಿರಲಿ ಎಂದು ಅಮೆರಿಕದ ವಾಯುಪಡೆ ಮಾಡಿಸಿದ ಮಡಚುವ ಕೋವಿ ಅದು. ಮೇಲೆ .22 ಹಾರ್ನೆಟ್ ಎಂಬ ಗುಂಡು, ಕೆಳಗೆ .410 ಎಂಬ ಸಣ್ಣ ಅಳತೆಯ ಚರೆ ತೋಟೆ, ನಳಿಗೆ 14 ಇಂಚು. ತೋಟೆಗಳು ಹಿಡಿಯೊಳಗೇ ಕೂರುತ್ತವೆ. ದಪ್ಪ ಕೈಗವಸಿನಲ್ಲೂ ಒತ್ತಲಾಗಲಿ ಎಂದು ಟ್ರಿಗರ್ ಬದಲು ಒಂದು ಪಟ್ಟಿ. ಜನಸಾಮಾನ್ಯರಿಗೆಂದು ನಂತರ ಬಂದ ಎಂ6 ಸ್ಕೌಟ್‌ನ ನಳಿಗೆ 18 ಇಂಚು ದಾಟಿತ್ತು. ಚರೆಕೋವಿಯ ನಳಿಗೆ 18 ಇಂಚಿಗಿಂತ ಗಿಡ್ಡವಾದರೆ ಇಲ್ಲಿನ ಕೇಂದ್ರ ಕಾನೂನಿನಲ್ಲಿ ಬೇರೆಯೇ ನೋಂದಣಿಯ ತಲೆನೋವು. ಸ್ಕೌಟನ್ನು ಒಬ್ಬ ಸ್ನೇಹಿತರ ಬಳಿ ಹಿಡಿದು ನೋಡಿದೆ. ತಗಡಿನ ಹಿಡಿಗೆ ಕೆನ್ನೆ ಆನಿಸಿದ ಕೂಡಲೇ ಆಸೆ ಇಳಿಯಿತು. ಬದುಕಿ ಉಳಿಯಲು ಸರಿ, ಹಾರುವ ಹಕ್ಕಿಯ ಹಿಂದೆ ನಳಿಗೆ ತಿರುಗಿಸಲು ಅಲ್ಲ.

(ಇಂಥ ಕೋವಿಗಳ ಪೈಕಿ ನನಗೆ ಅತಿ ಇಷ್ಟದ್ದು ಎಂದೂ ಕೈಗೆ ಸಿಗದ ಸೋವಿಯತ್ ಟಿಪಿ-82. 1965ರ ಮಾರ್ಚ್‌ನಲ್ಲಿ ಗಗನಯಾತ್ರಿಗಳಾದ ಲಿಯೊನೊವ್ ಮತ್ತು ಬೆಲ್ಯಾಯೆವ್ ಇಳಿಯಬೇಕಾದಲ್ಲಿ ಇಳಿಯದೆ ಉರಲ್ ಸೀಮೆಯ ಹಿಮಗಾಡಿನಲ್ಲಿ ಸಿಕ್ಕಿಕೊಂಡಿದ್ದರು. ಆ ಪಾಠದಿಂದ ಗಗನಯಾತ್ರಿಗಳಿಗಾಗಿ ಹುಟ್ಟಿದ ಮೂರು ನಳಿಗೆಯ ಆಯುಧ ಅದು: ಎರಡು ಚರೆಗೆ, ಒಂದು ಗುಂಡಿಗೆ.)

ಉಳಿದ ಅಭ್ಯರ್ಥಿಗಳು: ಇಟಲಿಯ ಕ್ಯಾಪ್ಪಾ ಕಂಪನಿಯ ಮಡಚುವ ಡಬಲ್ ಬ್ಯಾಜರ್, ಎರಡು ನಳಿಗೆಗೆ ಎರಡು ಟ್ರಿಗರ್. ಸ್ಯಾವೇಜ್ ಕಂಪನಿ 2013ರಲ್ಲಿ ತಂದ ಮಾಡೆಲ್ 42, ಮೇಲೆ .22, ಕೆಳಗೆ .410. ಅದೇ ಕಂಪನಿಯ, ಈಗ ತಯಾರಾಗದ ಮಾಡೆಲ್ 24. ಇದರಲ್ಲಿ 24ಸಿ ಎಂಬ ಗಿಡ್ಡ ಬಗೆಗೆ 20 ಇಂಚಿನ ನಳಿಗೆ, ಮೇಲೆ .22, ಕೆಳಗೆ 20 ಬೋರ್. ಎಲ್ಲವೂ ಮೂರು ಕಿಲೋ ಆಸುಪಾಸು.

ಆಯ್ಕೆ ಕೊನೆಗೆ ಬಂದು ನಿಂತದ್ದು ಒಂದೇ ಪ್ರಶ್ನೆಗೆ, ಕೆಳಗಿನ ನಳಿಗೆ .410 ಇರಬೇಕೋ ಅದಕ್ಕಿಂತ ಅಗಲದ 20 ಬೋರ್ ಇರಬೇಕೋ. ತೂಕದಲ್ಲಿ .410 ಗೆದ್ದಿತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ: ಎರಡೂವರೆ ಇಂಚಿನ .410 ತೋಟೆ 25 ಸೇರಿದರೆ ಅರ್ಧ ಕಿಲೋ ಆಸುಪಾಸು, 20 ಬೋರಿನದು ಒಂದು ಕಿಲೋಗೆ ಸ್ವಲ್ಪ ಕಡಿಮೆ. ಜಾಗವೂ ಕಡಿಮೆ ಸಾಕು. ಎಲ್ಲರೂ .410 ಅನ್ನುತ್ತಾರೆ, ನಾನೂ ಅನ್ನುವುದರಲ್ಲಿದ್ದೆ.

ತಡೆದದ್ದು ಕಾಗದ. ಅರ್ಧ ಔನ್ಸಿನ .410 ತೋಟೆಯಲ್ಲಿ ಆರನೇ ನಂಬರಿನ ಚರೆ ಸುಮಾರು 112 ಇರುತ್ತದೆ. 20 ಬೋರಿನ ಮುಕ್ಕಾಲು ಔನ್ಸ್ ಮೀರಿದ, ಎಂಟರಲ್ಲಿ ಏಳು ಭಾಗದ ತೋಟೆಯಲ್ಲಿ 197ರ ಹತ್ತಿರ. ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ ಅನಿಸಿರಲಿಲ್ಲ. ಸ್ನೇಹಿತರಿಬ್ಬರ ಕೋವಿ ಎರವಲು ಪಡೆದು ಗುರಿ ಮೈದಾನಕ್ಕೆ ಹೋದೆ, ಎರಡೂ ಚೋಕ್ (ಚರೆ ಹೆಚ್ಚು ಚದುರದಂತೆ ನಳಿಗೆಯ ಬಾಯಿ ಕಿರಿದಾಗಿಸುವುದು) ಇಲ್ಲದ ನಳಿಗೆಗಳು. ಕಂದು ಕಾಗದದ ಸುರುಳಿ ಬಿಚ್ಚಿ, ನನ್ನ ಮಗಳು ಕತ್ತರಿಸಿಕೊಟ್ಟ ಗ್ರೌಸ್ ಆಕಾರವನ್ನು ಇಟ್ಟು ಸೀಸದಕಡ್ಡಿಯಲ್ಲಿ ಗೆರೆ ಎಳೆದೆ. ಅವಳ ಗ್ರೌಸ್‌ಗೆ ಬಾತುಕೋಳಿಯ ಕೊಕ್ಕಿತ್ತು, ಇರಲಿ. 20 ಗಜದಲ್ಲಿ .410 ನಾಲ್ಕು, ಐದು ಚರೆ ಒಳಗೆ ಹಾಕಿತು. 30 ಗಜಕ್ಕೆ ಸರಿದು ಮೂರು ಈಡು ಹೊಡೆದೆ: ಎರಡು, ಸೊನ್ನೆ, ಒಂದು. ಸೊನ್ನೆ ಬಂದ ಕಾಗದದಲ್ಲಿ ಚರೆಗಳು ಹಕ್ಕಿಯ ಸುತ್ತ ಪ್ರದಕ್ಷಿಣೆ ಹಾಕಿದಂತೆ ನಾಲ್ಕೂ ಕಡೆ ಇದ್ದವು, ನಡುವೆ ಹಕ್ಕಿ ಕ್ಷೇಮವಾಗಿತ್ತು. ಅದೇ ದೂರದಲ್ಲಿ 20 ಬೋರ್ ಐದು, ನಾಲ್ಕು, ಆರು. ಒಂದೆರಡು ಚರೆ ತಗುಲಿದ ಹಕ್ಕಿ ಬೀಳುವುದಿಲ್ಲ, ಹಾರಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಬಿಗಿಯಾದ ಚೋಕ್ ಇರುವ .410 ಇದಕ್ಕಿಂತ ಮೇಲು, ಆದರೆ ಇಪ್ಪತ್ತು ಹೆಜ್ಜೆಯೊಳಗೆ ಧುತ್ತೆಂದು ಏಳುವ ಹಕ್ಕಿಗೆ ಅಷ್ಟು ಬಿಗಿ ಮುಷ್ಟಿಯಿಂದ ಹೊಡೆಯುವ ಕೈ ನನ್ನದಲ್ಲ. ಆ ಅರ್ಧ ಕಿಲೋ ಹೊರುವುದೆಂದು ತೀರ್ಮಾನಿಸಿದೆ.

ಅಂದರೆ ಮಾಡೆಲ್ 24ರ ಹಳೆಯ ಮಾಲು ಹುಡುಕಬೇಕು. ಮೊದಲು ನೋಡಿದ ಕೋವಿ, ಅದರ ಹೆಸರು ಬೇಡ, ಹೊರಗೆ ಹೊಳೆಯುತ್ತಿತ್ತು. ಮುಂಗೈ ಮರ ಕಳಚಿ, ಹಿಡಿಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಬಾಗಿಲ ಚಿಲಕದಂತೆ ಟಕ್ ಟಕ್ ಅಂದಿತು. ಕೀಲು ಸವೆದಿತ್ತು. ಬೆಳಕಿಗೆ ಹಿಡಿದರೆ ನಳಿಗೆಗೂ ಹಿಂಬದಿಗೂ ನಡುವೆ ಕೂದಲೆಳೆಯಷ್ಟು ಬೆಳ್ಳಿಗೆರೆ. ಅಂಗಡಿಯವರು ‘ಹಳೆಯದು ಅಂದ ಮೇಲೆ ಅಷ್ಟು ಇರುತ್ತದೆ’ ಎಂದರು. ಅಷ್ಟು ಇರಬಾರದು. .22 ತೋಟೆ ಕೂರುವ ಬಾಯಂಚನ್ನೂ ನೋಡಬೇಕು. ಖಾಲಿ ಕೋವಿಯಲ್ಲಿ ಟ್ರಿಗರ್ ಒತ್ತಿ ಆಡಿದವರ ಕೈಯಲ್ಲಿ ಇದ್ದದ್ದಾದರೆ ಅಲ್ಲಿ ಮೊಳೆ ಕುಕ್ಕಿದ ಗುಳಿ ಇರುತ್ತದೆ, ತೋಟೆ ಸಲೀಸಾಗಿ ಒಳಹೋಗುವುದಿಲ್ಲ. ಮೂರನೆಯ ಅಂಗಡಿಯಲ್ಲಿ ಸಿಕ್ಕ 24ಸಿ ಈ ಎರಡೂ ಪರೀಕ್ಷೆ ದಾಟಿತು. ಮರದ ಮೇಲೆ ಗೀರುಗಳಿದ್ದವು. ಗೀರು ಹಕ್ಕಿಗೆ ಕಾಣುವುದಿಲ್ಲ.

ಎರಡು ನಳಿಗೆ ಒಂದೇ ಕಡೆ ಹೊಡೆಯುತ್ತವೆ ಎಂದು ಯಾರೂ ನಂಬಬೇಡಿ. ಸೈಟನ್ನು .22ಕ್ಕೆ 25 ಗಜದಲ್ಲಿ ಹೊಂದಿಸಿದೆ. ಅದೇ ಗುರಿಯಲ್ಲಿ ಚರೆಯ ನಡುಭಾಗ ನಾಲ್ಕು ಇಂಚು ಮೇಲೆ ಬಿತ್ತು. ಕೋವಿ ಬದಲಾಗುವುದಿಲ್ಲ, ನಾನೇ ಬದಲಾಗಬೇಕು: ಚರೆಗೆ ಹಕ್ಕಿಯ ಕಾಲಿನ ಮಟ್ಟಕ್ಕೆ ಗುರಿಯಿಡುವುದನ್ನು ರೂಢಿ ಮಾಡಿಕೊಂಡೆ.

ಐಡಹೋದಲ್ಲಿ ಗ್ರೌಸ್ ಕಾಲ ಆರಂಭವಾಗುವುದು ಆಗಸ್ಟ್ 30ಕ್ಕೆ. ನಮ್ಮ ಕೈಲ್ ಮುಹೂರ್ತ ಸೆಪ್ಟೆಂಬರ್ 3. ಆ ನಾಲ್ಕು ದಿನದ ನಡುವೆ ನನ್ನ ಮೊದಲ ಸುತ್ತು. ಹದಿನೆಂಟು ಹೆಜ್ಜೆ ದೂರದ ಕೊಂಬೆಯಲ್ಲಿ ಒಂದು ರಫ್ಡ್ ಗ್ರೌಸ್, ಕುತ್ತಿಗೆ ಚಾಚಿ ಕುಳಿತಿದೆ. ತಲೆಗೆ ಗುರಿಯಿಟ್ಟು, ಉಸಿರು ಹಿಡಿದು, ಕೋವಿಯ ಕುದುರೆ (ತೋಟೆ ಸಿಡಿಸಲು ಬಡಿಯುವ ಸುತ್ತಿಗೆ) ಎಳೆದು ಟ್ರಿಗರ್ ಒತ್ತಿದೆ. ‘ಟಪ್’ ಎನ್ನಬೇಕಾದದ್ದು ‘ಢಂ’ ಎಂದಿತು. ಯಾವ ನಳಿಗೆ ಹಾರಬೇಕೆಂದು ಹೇಳುವ ಗುಂಡಿ ಕುದುರೆಯ ಮೇಲೇ ಇದೆ. ಅರ್ಧ ಗಂಟೆ ಹಿಂದೆ ಪೊದೆಯಲ್ಲಿ ಏನೋ ಸರಸರ ಎಂದಾಗ ಚರೆಗೆ ತಿರುಗಿಸಿದ್ದೆ, ಹಿಂದಕ್ಕೆ ತಿರುಗಿಸಲು ಮರೆತಿದ್ದೆ. ಬೆಟ್ಟದ ಕೆಳಗೆ ಹಕ್ಕಿಯನ್ನು ಬಿಡಿಸಿದಾಗ ಸಿಕ್ಕ ಮಾಂಸಕ್ಕಿಂತ ಚರೆ ಹೆಚ್ಚು. ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, ‘ಜೋಡುನಳಿಗೆಗೆ ಎರಡು ಕುದುರೆ ಇಟ್ಟವರು ದಡ್ಡರಲ್ಲ ಮಗ’ ಎಂದು ನಕ್ಕರು. ಅಂದಿನಿಂದ ಗುಂಡಿ ಸದಾ .22ರಲ್ಲಿ. ಕುದುರೆ ಎಳೆಯುವ ಮೊದಲು ಹೆಬ್ಬೆರಳು ಅದನ್ನು ಸವರಿ ನೋಡುತ್ತದೆ, ಕಣ್ಣು ಹಕ್ಕಿಯ ಮೇಲಿದ್ದರೂ.

ಇನ್ನೊಂದು ತೊಂದರೆ ಅಕ್ಟೋಬರ್ ಚಳಿಯಲ್ಲಿ ತಿಳಿಯಿತು. ಈ ಕೋವಿ ಬಾಗಿಸಿದಾಗ ಹಾರಿದ ತೋಟೆಯನ್ನು ಹೊರಗೆ ಎಸೆಯುವುದಿಲ್ಲ, ತುಸು ಮೇಲೆತ್ತಿ ಕೊಡುತ್ತದೆ ಅಷ್ಟೆ. 20 ಬೋರಿನ ತೋಟೆ ಕೈಗವಸಿಗೂ ಸಿಗುತ್ತದೆ. .22ರ ಪುಟ್ಟ ಹಿತ್ತಾಳೆ ಕೊಳವೆಯ ಅಂಚಿಗೆ ಉಗುರು ಬೇಕು, ಮರಗಟ್ಟಿದ ಬೆರಳಿಗೆ ಉಗುರು ಇದ್ದೂ ಇಲ್ಲದಂತೆ. ಚಾಕುವಿನ ತುದಿ ಹಾಕಿದರೆ ಉಕ್ಕಿಗೆ ಗೀರು. ಐಸ್‌ಕ್ರೀಮ್ ಕಡ್ಡಿಯೊಂದರ ತುದಿಯನ್ನು ಚಪ್ಪಟೆಯಾಗಿ ಕೆತ್ತಿ ಜೇಬಿಗೆ ದಾರದಿಂದ ಕಟ್ಟಿಕೊಂಡಿದ್ದೇನೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಬಳಕೆಯಾಗುವ ಭಾಗ ಅದೇ.

‘ಕರಡಿ ಬಂದರೆ?’ ಎಂದು ಕೇಳುತ್ತಾರೆ. ಈ ಕೋವಿ ಕರಡಿಗಲ್ಲ. ಸೊಂಟದಲ್ಲಿ ಖಾರದ ಸ್ಪ್ರೇ ಇರುತ್ತದೆ, ಅದನ್ನು ಒಂದೇ ಕೈಯಲ್ಲಿ ಬಿಚ್ಚುವುದನ್ನು ಹಿತ್ತಲಿನಲ್ಲಿ ಅಭ್ಯಾಸ ಮಾಡಿದ್ದೇನೆ.

ಈಗ ನಡೆಯುವಾಗ ಕೋವಿ ಎರಡು ತುಂಡಾಗಿ ಚೀಲದೊಳಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿ. ಶಿಬಿರ ಹಾಕಿದ ಮೇಲೆ ಜೋಡಿಸಿ, ಬಾಗಿಸಿದ ಸ್ಥಿತಿಯಲ್ಲೇ ತೋಳಿಗೆ ನೇತುಹಾಕಿಕೊಂಡು ಹೊರಡುತ್ತೇನೆ. ಬಿದ್ದ ಮರ ದಾಟುವಾಗ ಎರಡೂ ನಳಿಗೆ ಖಾಲಿ. ಜೇಬಿನಲ್ಲಿ .22ರ ಐವತ್ತರ ಡಬ್ಬಿ, ಚರೆಯ ಎಂಟು ತೋಟೆ. ಕಳೆದ ವರ್ಷ ನಾಲ್ಕು ದಿನಕ್ಕೆ .22ರಲ್ಲಿ ಒಂಬತ್ತು ಖರ್ಚು, ಚರೆಯಲ್ಲಿ ಮೂರು, ಹಕ್ಕಿ ಐದು. ಈ ವರ್ಷ ಚರೆ ಆರೇ ಒಯ್ಯುವುದೆಂದಿದ್ದೇನೆ.