ಆಲಮಟ್ಟಿ ಹಿನ್ನೀರಿನಲ್ಲಿ ನಡುಹಗಲಿನ ಕೊರವ: ನನ್ನ ಅನುಭವ

ಆಲಮಟ್ಟಿಯ ಹಿನ್ನೀರಿನಲ್ಲಿ ಮಾರ್ಚ್ ತಿಂಗಳ ನಡುಹಗಲಿಗೆ, ಗಾಳಕ್ಕೆ ಎರೆಯಾಗಿ ಕಟ್ಟುವ ರಬ್ಬರ್ ಕಪ್ಪೆಯಿಂದ ಕೊರವ ಮೀನು ಹಿಡಿಯಬಹುದು ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ಗೋಕಾಕ ಕಡೆಯ ಗೆಳೆಯರು ನನಗಿಂತ ಹೆಚ್ಚು ವರ್ಷ ಗಾಳ ಹಾಕಿದವರು. ಕೊರವ ಕೆರೆಯ ಮೀನು, ಜೊಂಡಿನ ಮೀನು, 123 ಟಿಎಂಸಿ ಅಡಿ ನೀರು ನಿಲ್ಲುವ ಜಲಾಶಯದಲ್ಲಿ ಅದನ್ನು ದಂಡೆಯಿಂದ ಹುಡುಕುವುದು ವ್ಯರ್ಥ ಎಂಬುದು ಅವರ ವಾದವಾಗಿತ್ತು. ಹರಿಗೋಲಿನವರಂತೂ ಬಿಸಿಲೇರಿದ ಮೇಲೆ ಬಲೆ ಬಿಡುವುದನ್ನೇ ನಿಲ್ಲಿಸುವ ಜನ. ಹನ್ನೆರಡು ಗಂಟೆಗೆ ರಾಡ್ ಹಿಡಿದು ನಿಂತವನನ್ನು ಕಂಡು ಅವರು ಏನೆಂದುಕೊಂಡರೋ ಊಹಿಸಬಹುದು. ಕಳೆದ ಎರಡು ಬೇಸಿಗೆಗಳಲ್ಲಿ ನಾನು ಬರಿಗೈಯಲ್ಲಿ ಮರಳಿದ ದಿನಗಳು ಕಡಿಮೆ, ಸಿಕ್ಕ ಮೀನುಗಳಲ್ಲಿ ಮೂರು ಕಿಲೋ ದಾಟಿದವೂ ಇವೆ, ಅವನ್ನು ಆ ಹರಿಗೋಲಿನವರೇ ತೂಗಿ ನೋಡಿದ್ದಾರೆ.

ಇದಕ್ಕೂ ಮೊದಲಿನ ಬೇಸಿಗೆಗಳಲ್ಲಿ ಹೋದ ಹಣದ ಲೆಕ್ಕವನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಅಮೆರಿಕದವರ ಬಾಸ್ ಮೀನಿನ ವಿಡಿಯೋಗಳನ್ನು ನೋಡಿ, ಅವರು ಬೇಸಿಗೆಯ ಆರಂಭದಲ್ಲಿ ಬಳಸುವ ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್, ಪ್ಲಾಸ್ಟಿಕ್ ಹುಳು, ಸ್ಪಿನ್ನರ್‌ಬೇಟ್ ಮುಂತಾದ ಕೃತಕ ಎರೆಗಳನ್ನೆಲ್ಲ (ಲೂರ್) ತರಿಸಿದೆ. ಬಾಸ್ ಮೊಟ್ಟೆಯಿಟ್ಟ ಮೇಲೆ ನೀರು ಕಾದಂತೆ ಆಳಕ್ಕೆ ಸರಿಯುತ್ತದೆ, ಅವರಿಗೆ ಆ ಲೂರ್‌ಗಳು ಸರಿ. ನಮ್ಮ ಹಿನ್ನೀರಿನ ತಳದಲ್ಲಿ ಮುಳುಗಿ ಸತ್ತ ಜಾಲಿಯ ಬೊಡ್ಡೆಗಳಿವೆ, ಹಳೆಯ ಹೊಲಗಳ ಒಡ್ಡಿನ ಕಲ್ಲುಗಳಿವೆ. ಮುನ್ನೂರು ನಾನೂರು ರೂಪಾಯಿಯ ಒಂದೊಂದು ಕ್ರ್ಯಾಂಕ್‌ಬೇಟ್ ಎರಡು ಮೂರು ಎಸೆತಕ್ಕೆ ಅಲ್ಲೇ ಉಳಿಯಿತು. ಆನ್‌ಲೈನ್ ಮಾರಾಟಗಾರನೊಬ್ಬ ಕಳುಹಿಸಿದ 50 ಪೌಂಡ್ ತೂಕ ತಡೆಯಬೇಕಾದ ಹೆಣೆದ (ಬ್ರೇಡ್) ದಾರ ಕೈಯಲ್ಲಿ ಜಗ್ಗಿದರೇ ಹರಿಯುವಂತಿತ್ತು, ಹಣ ಮರಳಿ ಬರಲಿಲ್ಲ. ಏಳಡಿಯ ತುಸು ಗಟ್ಟಿಯಾದ (ಮೀಡಿಯಂ ಹೆವಿ) ರಾಡ್, ದಾರ ಸುತ್ತುವ ರೀಲ್, ಬಾಗಲಕೋಟೆಯ ನವನಗರದಿಂದ ನೀರಿಗೆ ಹೋಗಿಬರುವ ಪೆಟ್ರೋಲ್ ಎಲ್ಲ ಸೇರಿ ಒಂದೇ ಬೇಸಿಗೆಯಲ್ಲಿ ಇಪ್ಪತ್ತೈದು ಸಾವಿರದ ಆಸುಪಾಸು ಖರ್ಚಾಗಿರಬೇಕು. ಬದಲಿಗೆ ಸಿಕ್ಕಿದ್ದು ಅಂಗೈಯಗಲದ ಜಿಲೇಬಿ (ತಿಲಾಪಿಯ) ಮೀನುಗಳು ಮತ್ತು ಒಂದೆರಡು ಮರಿ ಕೊರವ.

ದಾರಿ ತೋರಿಸಿದ್ದು ಮೀನಿನ ಉಸಿರು. ಕೊರವ ಕಿವಿರಿನಿಂದ ಮಾತ್ರ ಬದುಕುವ ಮೀನಲ್ಲ, ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು ಎಂಬುದು ಗಾಳ ಹಿಡಿದ ಎಲ್ಲರಿಗೂ ಗೊತ್ತು. ಆದರೆ ನೀರು ಕಾದಷ್ಟೂ ಅದು ಹೆಚ್ಚು ಸಲ ಮೇಲೆ ಬರುತ್ತದೆ ಎಂಬುದನ್ನು ಬೇಟೆಯ ಲೆಕ್ಕಕ್ಕೆ ತಂದವರನ್ನು ನಾನು ಕಂಡಿಲ್ಲ. ಮುಂಜಾನೆ ಒಮ್ಮೆ ಕಂಡ ಮೀನು ಮತ್ತೆ ತಲೆ ತೋರಿಸಲು ಬಹಳ ಹೊತ್ತು ಕಾಯಿಸುತ್ತದೆ, ಹನ್ನೊಂದರ ನಂತರ ಅದೇ ಮೀನು ಐದಾರು ನಿಮಿಷಕ್ಕೊಮ್ಮೆ ಏಳುತ್ತದೆ. ಬಿಸಿಲು ನೆತ್ತಿಗೆ ಬಂದಾಗ ಜಾಲಿಯ ಬೊಡ್ಡೆಯ ನೆರಳು ಬುಡಕ್ಕೆ ಅಂಟಿಕೊಂಡಿರುತ್ತದೆ, ಮೀನೂ ಅಲ್ಲಿಂದ ದೂರ ಹೋಗುವುದಿಲ್ಲ. ಮುಂಜಾನೆ ಸಂಜೆಗಳಲ್ಲಿ ಅದು ಬೇಟೆಗೆ ಅಲೆಯುತ್ತಿರುತ್ತದೆ, ನಿಜ. ಅಷ್ಟು ದೊಡ್ಡ ನೀರಿನಲ್ಲಿ ಅಲೆಯುವ ಮೀನನ್ನು ಕುರುಡು ಎಸೆತದಿಂದ ಹುಡುಕುವುದಕ್ಕಿಂತ ಒಂದೇ ಕಡೆ ನಿಂತ ಮೀನನ್ನು ಕಣ್ಣಾರೆ ಕಂಡು ಎಸೆಯುವುದು ಲೇಸು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಗಾಳಿ ಎದ್ದು ನೀರು ಕದಡುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ಹೀಗಾಗಿ ನನ್ನ ಕೆಲಸವೆಲ್ಲ ಹತ್ತೂವರೆಯಿಂದ ಒಂದೂವರೆಯೊಳಗೆ ಮುಗಿಯುತ್ತದೆ.

ಜಾಗದ ಪ್ರಶ್ನೆ ಇನ್ನೂ ಕಠಿಣವಾದದ್ದು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಪತ್ರಿಕೆಯಲ್ಲಿ ಬರುವ ಮಟ್ಟ 515ಕ್ಕಿಂತ ಕೆಳಗಿಳಿಯುವವರೆಗೆ ನಾನು ಮನೆಯಿಂದ ಹೊರಡುವುದಿಲ್ಲ. ನೀರು ಇಳಿದಂತೆ ಹಳೆಯ ಹೊಲಗಳು ಒಂದೊಂದಾಗಿ ಹೊರಬರುತ್ತವೆ, ಮೀನು ಅಲ್ಲಿಂದ ಹಿಂದೆ ಸರಿಯುತ್ತ ಮುಳುಗಿದ ಹಳ್ಳದ ಗುಂಟ ಇಳಿಯುತ್ತದೆ. ಆ ಹಳ್ಳ ಎಲ್ಲಿತ್ತು ಎಂಬುದನ್ನು ನೀರಿನೊಳಗನ್ನು ತೋರಿಸುವ ಯಾವ ಫಿಶ್ ಫೈಂಡರ್‌ಗಿಂತಲೂ ಚೆನ್ನಾಗಿ ಹೇಳಬಲ್ಲವರು ಅಲ್ಲಿ ನೇಗಿಲು ಹೊಡೆದವರು. ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರವೊಂದರಲ್ಲಿರುವ ಹಿರಿಯರು ನನ್ನ ಜೊತೆ ದಂಡೆಗೆ ಬಂದು, ನೀರಿನತ್ತ ಕೈಮಾಡಿ, ಇಲ್ಲಿ ನಮ್ಮ ಬದು, ಅಲ್ಲಿ ಬಾವಿ, ಬಾವಿಯ ಆಚೆ ಹಳ್ಳ ಎಂದು ಒಂದೇ ಉಸಿರಿಗೆ ಹೇಳಿದರು. ಎರಡು ವಾರ ಕಳೆದು ನೀರು ಇಳಿದಾಗ ಬಾವಿಯ ಕಲ್ಲಿನ ಕಟ್ಟೆ ಅವರು ತೋರಿಸಿದಲ್ಲೇ ತಲೆ ಎತ್ತಿತು. ನನ್ನ ಮೊದಲ ದೊಡ್ಡ ಕೊರವ ಬಿದ್ದದ್ದು ಆ ಕಟ್ಟೆಯ ಬಡಗಣ ಮಗ್ಗುಲಿನ ನೆರಳಿನಲ್ಲಿ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊರ್ತಿ ಸೇತುವೆಗೂ ಹೆರಕಲ್ಲಿಗೂ ನಡುವೆ ಇಂಥ ಹಳ್ಳಗಳು ಹಲವು ಇವೆ, ಹುಡುಕುವವರಿಗೆ ಸಿಗುತ್ತವೆ. ಮುಳುಗಡೆಯ ಹೊಲಗಳಲ್ಲಿ ಬಾಯಿ ತೆರೆದ ಬಾವಿಗಳಿರುವುದರಿಂದ ಮೊಣಕಾಲಿಗಿಂತ ಆಳದ ನೀರಿಗೆ ಯಾರೂ ಇಳಿಯಬಾರದು. ಎರೆಮಣ್ಣಿನ ದಂಡೆಯೂ ಅಷ್ಟೇ ಕೆಟ್ಟದ್ದು: ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ತೊಡೆಯವರೆಗೆ ಹೂಳುತ್ತದೆ. ಮಣ್ಣು ಬಿರುಕು ಬಿಟ್ಟು, ಬಿರುಕಿನ ಅಂಚು ಬಿಳಿಚಿದ ಮೇಲೆಯೇ ನಾನು ಅದರ ಮೇಲೆ ನಡೆಯುವುದು.

ಕೊರವ ಉಸಿರಿಗೆ ಎದ್ದರೆ ಸದ್ದು ಸಣ್ಣದು, ನೀರು ಚಿಮ್ಮುವುದಿಲ್ಲ; ಒಂದು ಉಂಗುರ ಹರಡುತ್ತದೆ, ಆ ಉಂಗುರದ ಒಂದು ಕಡೆಗೆ ಜೋಳದ ಕಾಳಿನಷ್ಟು ಗಾತ್ರದ ಎರಡು ಮೂರು ಗುಳ್ಳೆಗಳು ಸಾಲಾಗಿ ಬರುತ್ತವೆ. ಆ ಸಾಲು ಯಾವ ಕಡೆಗೆ ತಿರುಗಿದೆಯೋ ಮೀನು ಆ ಕಡೆಗೆ ಇಳಿದಿದೆ ಎಂದರ್ಥ. ಉಂಗುರದ ನಡುವಿಗೇ ಕಪ್ಪೆ ಎಸೆದರೆ ಮೀನು ಬೆದರಿ ಆ ದಿನ ಮತ್ತೆ ಏಳುವುದಿಲ್ಲ. ನಾನು ಮೂರು ನಾಲ್ಕು ನಿಮಿಷ ಸುಮ್ಮನಿದ್ದು, ಅದು ಮತ್ತೆ ಏಳುವ ಹೊತ್ತಿಗೆ ಸ್ವಲ್ಪ ಮುಂಚೆ, ಗುಳ್ಳೆ ಹೋದ ದಿಕ್ಕಿನಲ್ಲಿ ಎರಡು ಮಾರು ಆಚೆಗೆ ಎಸೆದು, ಅಲೆ ಅಡಗುವವರೆಗೆ ಕಪ್ಪೆಯನ್ನು ಅಲುಗಿಸುವುದೇ ಇಲ್ಲ. ಆಮೇಲೆ ಗೇಣುಗೇಣಾಗಿ ನೆರಳಿನ ಅಂಚಿಗೆ ತರುತ್ತೇನೆ. ಉಸಿರಿಗೆ ಮೇಲೇರುತ್ತಿರುವ ಮೀನಿನ ಕಣ್ಣಿಗೆ ಕಪ್ಪೆ ಆಗ ನೇರ ಬೀಳುತ್ತದೆ, ಅದು ಹೊಡೆಯದೆ ಬಿಡುವುದು ಅಪರೂಪ. ಕಪ್ಪೆಯ ಹೊಟ್ಟೆಯೊಳಗೆ ನಾನು ಒಂದು ವಸ್ತು ತುಂಬುತ್ತೇನೆ, ಕಾಲಿನ ಎಳೆಗಳನ್ನು ಒಂದು ಅಳತೆಗೆ ಕತ್ತರಿಸುತ್ತೇನೆ. ಆ ಎರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಕ್ಕಾಗಿ ಹಾಳಾದ ಕಪ್ಪೆಗಳ ಬೆಲೆ ಸಣ್ಣದಲ್ಲ.

ಬಣ್ಣದ ಬಗ್ಗೆ ಒಂದಿಡೀ ಬೇಸಿಗೆ ಪರೀಕ್ಷೆ ಮಾಡಿದೆ. ಹಸಿರು, ಹಳದಿ, ಬಿಳಿ, ಕಪ್ಪು ನಾಲ್ಕನ್ನೂ ಸರದಿಯಲ್ಲಿ ಹಾಕಿ ನೋಡಿದಾಗ ನಡುಹಗಲಿಗೆ ಕಪ್ಪು ಸ್ಪಷ್ಟವಾಗಿ ಮುಂದಿತ್ತು, ಉಳಿದ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಿಲೇಬಿ ಮೀನು ತಳದಲ್ಲಿ ತೋಡುವ ದುಂಡನೆಯ ಗುಂಡಿಗಳು ಎಲ್ಲಿ ಗುಂಪಾಗಿವೆಯೋ ಅದರ ಅಂಚಿನಲ್ಲಿ ಕೊರವ ಇರುವುದನ್ನು ಮೇಲಿಂದ ಮೇಲೆ ಕಂಡಿದ್ದೇನೆ, ನೀರಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕವಿದ್ದರೆ ಆ ಗುಂಡಿಗಳು ದಂಡೆಯಿಂದಲೇ ಕಾಣುತ್ತವೆ. ಗಾಳಿಯೆದ್ದ ಮೇಲಿನ ಖಾಲಿ ಹೊತ್ತಿನಲ್ಲಿ ಶೇಂಗಾ ಹಿಂಡಿಗೆ ಜೋಳದ ನುಚ್ಚು ಕಲಸಿ ಆಳದ ಕಡೆ ಕಟ್ಲಾಗೆ ಹಾಕಿ ನೋಡಿದೆ. ಬರೀ ಹಿಂಡಿಯ ಉಂಡೆ ಬೇಗ ಕರಗುತ್ತದೆ, ನುಚ್ಚನ್ನು ಅರ್ಧ ಬೇಯಿಸಿ ಸೇರಿಸಿದರೆ ಮುಕ್ಕಾಲು ಗಂಟೆ ನಿಲ್ಲುತ್ತದೆ. ರೋಹು ಬಂತು, ಕಟ್ಲಾ ಇನ್ನೂ ಬಂದಿಲ್ಲ.

ಈಗಿನ ಖರ್ಚು ಬಹಳ ಇಳಿದಿದೆ. ಕಣ್ಣಿಗೆ ಕಂಡ ಮೀನಿಗೆ ಮಾತ್ರ ಎಸೆಯುವುದರಿಂದ ಬೇಸಿಗೆಗೆ ಐದಾರು ಕಪ್ಪೆ ಸಾಕು, ದಾರವನ್ನು ಕೈಯಲ್ಲಿ ಜಗ್ಗಿ ನೋಡಿದ ನಂತರವೇ ಅಂಗಡಿಯಲ್ಲಿ ಕೊಳ್ಳುತ್ತೇನೆ, ಪೆಟ್ರೋಲ್ ಸೇರಿದರೂ ಏಳೆಂಟು ಸಾವಿರ ದಾಟುವುದಿಲ್ಲ. ಸಂತೆಯಲ್ಲಿ ಕೊರವ ಕಿಲೋಗೆ ನಾನೂರರ ಮೇಲೆಯೇ ಇದ್ದರೂ ನಾನು ಮಾರುವುದಿಲ್ಲ. ಮನೆಗೆ ಬೇಕಾದದ್ದನ್ನು ಇಟ್ಟುಕೊಂಡು, ಒಂದು ಕಿಲೋಗಿಂತ ಕಡಿಮೆಯದನ್ನು ನೀರಿಗೇ ಬಿಡುತ್ತೇನೆ. ಮಳೆ ಹತ್ತಿರವಾಗಿ ಕೆಂಪು ಮರಿಗಳ ಹಿಂಡು ಕಾಣಿಸಿದ ದಿನದಿಂದ ಆ ಹಳ್ಳದಲ್ಲಿ ಗಾಳ ಹಾಕುವುದಿಲ್ಲ. ಮರಿ ಕಾಯುವ ಕೊರವ ಯಾವ ಕಪ್ಪೆಯನ್ನಾದರೂ ಹೊಡೆಯುತ್ತದೆ, ಅದನ್ನು ಹಿಡಿಯಲು ಯಾವ ವಿದ್ಯೆಯೂ ಬೇಡ, ಹಿಡಿದರೆ ಇಡೀ ಹಿಂಡು ಬೇರೆ ಮೀನುಗಳ ಪಾಲಾಗುತ್ತದೆ. ಹಿಂಡಿನ ಮೇಲೆ ಗುರಿಯಿಟ್ಟು ಎಸೆಯುವ ಹುಡುಗರನ್ನು ಹೋದ ಬೇಸಿಗೆಯಲ್ಲಿ ಎರಡು ಮೂರು ಕಡೆ ತಡೆದಿದ್ದೇನೆ, ಈ ವರ್ಷವೂ ತಡೆಯುತ್ತೇನೆ.