ಗೋದಾಮಿನ ಇ-ರಸೀದಿ: ಮಾಲಿನ ಹಕ್ಕು ಯಾರ ಕೈಲಿದೆ ಅಂತ ನೋಡಿಕೊಳ್ಳುವುದು ಹೇಗೆ

ಶಿಕಾರಿಪುರ, ಸೊರಬ ಕಡೆಯ ಮೆಕ್ಕೆಜೋಳ ಎಲ್ಲ ಒಟ್ಟಿಗೇ ಮಾರುಕಟ್ಟೆಗೆ ಬಂದರೆ ರೇಟು ಬೀಳುತ್ತದೆ. ಮಾಲನ್ನು ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ತೆಗೆಯಬಹುದು. ಒಳ್ಳೆ ದಾರಿಯೇ, ಆದರೆ ರಸೀದಿ ಎಂಥದ್ದು ಅನ್ನುವುದು ಮುಖ್ಯ.

ಲಾರಿಗೆ ಮಾಲು ಹೇರುವ ಮೊದಲೇ ಆ ಗೋದಾಮು, ಗೋದಾಮುಗಳನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಪ್ರಾಧಿಕಾರವಾದ ಡಬ್ಲ್ಯೂಡಿಆರ್‌ಎಯಲ್ಲಿ ನೋಂದಣಿ ಆಗಿದೆಯಾ ಅಂತ ಅವರ ವೆಬ್‌ಸೈಟಲ್ಲಿ ನೋಡಿ. ಅಂಥ ನೋಂದಣಿ ಆದ ಗೋದಾಮಿನ ರಸೀದಿಗೆ ಕಾನೂನಿನ ಬಲ ಕೊಟ್ಟಿರುವುದು 2007ರ ಉಗ್ರಾಣ ಕಾಯ್ದೆ. ಮಂಡಿಯಲ್ಲಿ ಅಡಿಕೆ ಇಟ್ಟಾಗ ಕೊಡುವ ಚೀಟಿಗೆ ಆ ಬಲ ಇಲ್ಲ.

ಆಮೇಲೆ ಎನ್‌ಇಆರ್‌ಎಲ್ ಅಥವಾ ಸಿಸಿಆರ್‌ಎಲ್ ಅನ್ನುವ ರೆಪಾಸಿಟರಿಯಲ್ಲಿ (ಇ-ರಸೀದಿಗಳ ದಾಖಲೆ ಇಡುವ ಸಂಸ್ಥೆ) ನಿಮ್ಮ ಹೆಸರಲ್ಲಿ ಖಾತೆ ತೆರೆಯಬೇಕು. ಷೇರಿಗೆ ಡಿಮ್ಯಾಟ್ ಖಾತೆ ಇದ್ದ ಹಾಗೆ. ಮೊಬೈಲ್ ನಂಬರ್ ನಿಮ್ಮದೇ ಕೊಡಿ, ದಲಾಲರದ್ದು ಖಂಡಿತ ಬೇಡ.

ರಸೀದಿ ಖಾತೆಗೆ ಬಂದ ದಿನವೇ ತೂಕ, ಗ್ರೇಡ್, ಅವಧಿ ಮುಗಿಯುವ ದಿನಾಂಕ ಓದಿ. ಅದು ನೆಗೋಷಿಯಬಲ್ ಹೌದಾ ಅಂತಲೂ ನೋಡಿ, ಅಲ್ಲದಿದ್ದರೆ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ.

ಜಾಸ್ತಿ ಜನ ಎಡವುವುದು ಇಲ್ಲೇ. ಕಾಗದದ ಕಾಲದಲ್ಲಿ ರಸೀದಿಯ ಹಿಂದೆ ಸಹಿ ಹಾಕಿ ಯಾರ ಕೈಗೆ ಕೊಟ್ಟರೋ ಮಾಲಿನ ಹಕ್ಕು ಅವರದಾಗುತ್ತಿತ್ತು. 2017ರಲ್ಲಿ ಇ-ರಸೀದಿ ಬಂತು, ಈಗ ರೆಪಾಸಿಟರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದೇ ಹಕ್ಕು. ಪ್ರಿಂಟ್ ತೆಗೆದ ಹಾಳೆ, ವಾಟ್ಸಾಪ್‌ಗೆ ಬಂದ ಪಿಡಿಎಫ್, ಇವು ಬರೀ ನೋಡುವುದಕ್ಕೆ. ನೀವು ಕೊಳ್ಳುವವರಾದರೆ, ರಸೀದಿ ನಿಮ್ಮ ಖಾತೆಯಲ್ಲಿ ಕಾಣುವ ತನಕ ಪೂರ್ತಿ ದುಡ್ಡು ಕೊಡಬೇಡಿ, ಎಷ್ಟೇ ಪರಿಚಯದವರಿರಲಿ. ಅರ್ಧ ಮಾಲು ಮಾತ್ರ ಮಾರುವುದಿದ್ದರೆ ರಸೀದಿಯನ್ನು ಒಡೆದು ಅಷ್ಟನ್ನೇ ವರ್ಗಾಯಿಸಬಹುದು.

ಸಾಲಕ್ಕೂ ಇದೇ ಲೆಕ್ಕ. ಅಡಮಾನಕ್ಕೆ ನೀವು ಖಾತೆಯಿಂದ ಕೋರಿಕೆ ಹಾಕಬೇಕು, ಬ್ಯಾಂಕ್ ಒಪ್ಪಬೇಕು. ಒಪ್ಪಿದ ಮೇಲೆ ಬ್ಯಾಂಕ್ ಬಿಡುವ ತನಕ ಮಾರುವ ಹಾಗೂ ಇಲ್ಲ, ಮಾಲು ಎತ್ತುವ ಹಾಗೂ ಇಲ್ಲ. ಸಾಲ ತೀರಿಸಿದ ಪತ್ರ ಕೈಗೆ ಬಂತು ಅಂತ ಸುಮ್ನೆ ಇರಬೇಡಿ, ಲಾಗಿನ್ ಆಗಿ ಅಡಮಾನದ ಗುರುತು ಹೋಗಿದೆಯಾ ನೋಡಿ. ಹೋಗಿಲ್ಲದಿದ್ದರೆ ಅವತ್ತೇ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಡಿ, ಯಾಕೆಂದರೆ ಒಳ್ಳೆ ರೇಟು ಬಂದಾಗ ಆ ಗುರುತು ಅಡ್ಡ ಬರುತ್ತದೆ.

ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಲ್ಲಿ ಬರೆದಿಡಿ. ಅಷ್ಟರೊಳಗೆ ಮಾಲು ಎತ್ತದಿದ್ದರೆ ಅದು ಹರಾಜಿಗೂ ಹೋಗಬಹುದು.